ಆರು ತಾಸಿನ ಲಂಡನ್

ಊರು ಸೇರುವುದಕ್ಕೆ ನಮ್ಮ ಕಡೆ ಮುಟ್ಟುವುದು ಅನ್ನುತ್ತಾರೆ. ಮನೆಯಿಂದ ಹೊರಟವರು ಫೋನ್ ಮಾಡಿ ‘ಮುಟ್ಟಿದೆ’ ಅನ್ನುವತನಕ ನಮ್ಮ ಅವ್ವ ಉಣ್ಣುವುದಿಲ್ಲ. ನಾನು ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಸೇರಿದ ಹೊಸದರಲ್ಲಿ, ಹೈದರಾಬಾದಿನಲ್ಲಿ ನಾವಿರುವ ದಿಲ್‌ಸುಖ್‌ನಗರದಿಂದ ಹೊರಟ ನನ್ನ ಬಸ್ಸು ಅಲ್ಲಿಗೆ ಸೇರುವವರೆಗೂ ಅವ್ವನ ನಾಷ್ಟಾ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದು, ದಿನದ ಬಸ್ಸಿಗೆ ಮಾತ್ರ ವಿನಾಯಿತಿ ಸಿಕ್ಕಿತು. ದೂರದ ಪ್ರಯಾಣಕ್ಕೆ ಹಳೆಯ ಕಾಯಿದೆಯೇ.

ಹೋದ ವರ್ಷ ಕಾರ್ಖಾನೆಯವರು ನನ್ನನ್ನು ಹದಿನೈದು ದಿನದ ತರಬೇತಿಗೆ ಲಂಡನ್ನಿಗೆ ಕಳಿಸಿದರು. ಅಪ್ಪ ಟಿಕೆಟ್ ಇಸಿದುಕೊಂಡು ನೋಡಿದರು. ರೈಲ್ವೆಯಲ್ಲಿ ಮೂವತ್ತು ವರ್ಷ ಗಾಡಿಗಳ ಹೊತ್ತು ಬರೆದವರು ಅವರು. ಬೆಳಗ್ಗೆ ಏಳಕ್ಕೆ ಬಿಡುವುದು, ಮಧ್ಯಾಹ್ನ ಒಂದಕ್ಕೆ ಮುಟ್ಟುವುದು ಎಂದಿತ್ತು.

“ಆರು ತಾಸಿನ ಹಾದಿ. ಕಲಬುರಗಿಗೆ ಹೋದಂಗ ಅಷ್ಟ,” ಎಂದು ಅವ್ವನಿಗೆ ಹೇಳಿದರು.

ಏಳೂವರೆ ಸಾವಿರ ಕಿಲೋಮೀಟರನ್ನು ಆರು ತಾಸಿನಲ್ಲಿ ಮುಗಿಸುವ ಆ ವಿಮಾನವನ್ನು ಅಪ್ಪ ವಾರವಿಡೀ ಓಣಿಯವರಿಗೆ ತೆಲುಗಿನಲ್ಲಿ ಹಾಡಿ ಹೊಗಳಿದರು. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ, ಟಿಕೆಟ್ಟಿನ ಆ ಒಂದು ಗಂಟೆ ಅಲ್ಲಿಯದು ಎಂದು ನಾನು ಹೇಳಬೇಕಿತ್ತು. ಅವರ ಖುಷಿ ನೋಡಿ ನಗು ಬಂತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಶೇಂಗಾ ಚಟ್ನಿ ಕಟ್ಟಿಕೊಳ್ಳುವ ಗದ್ದಲದಲ್ಲಿ ಮರೆತೇಬಿಟ್ಟೆ.

ನಾನು ಹೊರಟ ದಿನ ಅವ್ವ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಬರೀ ಚಹಾ ಕುಡಿದು ಕೂತಳು. ಒಂದಾಯಿತು, ಎರಡಾಯಿತು. ಗಾಡಿ ಅಂದಮೇಲೆ ತಡವಾಗುತ್ತದೆ ಎಂದು ಅಪ್ಪ ಸಮಾಧಾನ ಹೇಳಿದರಂತೆ. ನಾಲ್ಕರ ಹೊತ್ತಿಗೆ ಅವ್ವ ಬೆವೆತು, ಕೂತಲ್ಲೇ ವಾಲಿದಳು. ಅಪ್ಪ ಬೈದು ಎರಡು ಗುಟುಕು ಬೆಲ್ಲದ ನೀರು ಕುಡಿಸಿದರು. ಅದಕ್ಕಿಂತ ಹೆಚ್ಚಿಗೆ ಆಕೆ ಒಪ್ಪಲಿಲ್ಲ. ನಾನು ಇಳಿದು ಫೋನ್ ಮಾಡಿದಾಗ ಮನೆಯಲ್ಲಿ ಸಂಜೆ ಐದೂವರೆ.

“ಮೊದಲ ಆಕಿ ಕಿವ್ಯಾಗ ‘ಮುಟ್ಟಿದೆ’ ಅನ್ನವ್ವಾ,” ಎಂದರು ಅಪ್ಪ.

ಅಂದೆ. ಆಮೇಲೆ ನಡೆದದ್ದೆಲ್ಲ ತಿಳಿದು, ಎಂಥ ಹಟ ನಿನ್ನದು ಎಂದು ಅವ್ವನ ಮೇಲೆ ಹರಿಹಾಯ್ದೆ. ಸಿಟ್ಟು ಬಂದದ್ದು ನಿಜವಾಗಿ ನನ್ನ ಮೇಲೆಯೇ.

ವಾಪಸು ಬರುವ ವಿಮಾನ ಅಲ್ಲಿ ಮಧ್ಯಾಹ್ನ ಎರಡೂಮುಕ್ಕಾಲಿಗೆ ಬಿಟ್ಟು, ಹೈದರಾಬಾದಿಗೆ ಮರುದಿನ ಬೆಳಗ್ಗೆ ಐದಕ್ಕೆ ಮುಟ್ಟುವುದಿತ್ತು. ಈ ಸಲ ಉಣ್ಣುತ್ತೇನೆ ಎಂದು ಅವ್ವ ಮಾತು ಕೊಟ್ಟಿದ್ದಳು. ಆಕೆಯ ಮಾತು ನಾನು ಬಲ್ಲೆ. ಲಂಡನ್ನಿನ ವಿಮಾನ ನಿಲ್ದಾಣದೊಳಗೆ ಕೂತು, ಮನೆಯಲ್ಲಿ ರಾತ್ರಿ ಊಟಕ್ಕೆ ಸ್ವಲ್ಪ ಮುಂಚಿನ ಹೊತ್ತು ಎಂದು ಅಂದಾಜು ಮಾಡಿ ಫೋನ್ ಹಚ್ಚಿದೆ.

“ಅವ್ವಾ, ಮುಟ್ಟಿದೆ,” ಎಂದೆ. ಎಲ್ಲಿಗೆ ಎಂಬುದನ್ನು ನುಂಗಿಕೊಂಡೆ.

ಆಕೆ ಬೇರೇನೂ ಕೇಳದೆ, ಚಲೋ ಆತು, ಉಣ್ಣುತ್ತೇನೆ ಎಂದಳು.

ಬೆಳಗ್ಗೆ ಮನೆ ಸೇರಿದಾಗ ಅಪ್ಪ ಗೇಟಿನಲ್ಲೇ ನಿಂತು, ಬರೋಬ್ಬರಿ ಒಂಬತ್ತೂಮುಕ್ಕಾಲು ತಾಸಿನ ಹಾದಿ ಎಂದರು. ಎರಡು ಗಡಿಯಾರಗಳ ಹೊಸ ಲೆಕ್ಕ ಪಕ್ಕಾ ಕಲಿತಿದ್ದರು. ಹಾಗಾದರೆ ನಾನು ಫೋನ್ ಮಾಡಿದಾಗ ಇನ್ನೂ ವಿಮಾನವೇ ಹತ್ತಿರಲಿಲ್ಲ ಎಂಬುದು ಅಪ್ಪ, ಅವ್ವ ಇಬ್ಬರಿಗೂ ಗೊತ್ತಿತ್ತು. ಅಡಿಗೆಮನೆಗೆ ಹೋಗಿ, ನಿಜವಾಗಿ ಉಂಡೆಯಾ ಎಂದು ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

“ಉಂಡೆ. ಎಲ್ಲಿಗೆ ಮುಟ್ಟಿದಿ ಅಂತ ನಾ ಕೇಳಲಿಲ್ಲ ನೋಡು,” ಎಂದಳು. “ಕೇಳಿದ್ರ ನೀ ಸುಳ್ಳ ಹೇಳಬೇಕಾಗ್ತಿತ್ತು.”