ವರದಿಯಲ್ಲಿ ಇಲ್ಲದ ಮುಚ್ಚಳ

ನನ್ನ ತಮ್ಮ ಗುರುಬಸವನಿಗೆ ವಿಶ್ವವಿದ್ಯಾಲಯದಲ್ಲಿ ತಾಂತ್ರಿಕ ಬರವಣಿಗೆ ಎಂಬ ವಿಷಯ ಶುರುವಾದ ಮೇಲೆ ಮಸ್ಕಿಯ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮೊದಲು ನೀರಿನ ಮೋಟರಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದ. ಹಂತ ಒಂದು, ವಾಲ್ವ್ ತೆರೆಯಿರಿ. ಹಂತ ಎರಡು, ಗುಂಡಿ ಒತ್ತಿರಿ.

"ಲೇ, ಇಷ್ಟು ದಿನ ನಾವೇನು ಬಾಯಿಲೆ ಊದಿ ನೀರು ಏರಸ್ತಿದ್ವೇನೋ?" ಎಂದು ಬೈದೆ.

"ಓದೋರು ಯಾರು ಅಂತ ತಿಳ್ಕೊಂಡು ಬರೀಬೇಕಕ್ಕ. ದಾನೇಶ್ವರಿ ಮೇಡಂ ಹೇಳ್ಯಾರ."

ದಾನೇಶ್ವರಿ ಮೇಡಂ ಇವನಿಗೆ ಆ ವಿಷಯ ಕಲಿಸುವವರು. ನಮ್ಮ ಮನೆಯಲ್ಲಿ ಅವರ ಹೆಸರು ಊಟಕ್ಕೊಮ್ಮೆ, ಚಹಾಕ್ಕೊಮ್ಮೆ ಬರುತ್ತಿತ್ತು. ಅವ್ವ ಫೋನಿನಲ್ಲಿ ಮಾತಾಡುತ್ತಿದ್ದರೂ ಇವನು ನಡುವೆ ಬಾಯಿ ಹಾಕಿ, "ಕಣ್ಣಿಲೆ ಕಂಡದ್ದಷ್ಟ ಹೇಳಬೇ, ಅನಿಸಿದ್ದು ಬ್ಯಾಡ" ಎನ್ನುತ್ತಿದ್ದ. ಅನಿಸಿದ್ದನ್ನು ಬಿಟ್ಟರೆ ನಮ್ಮ ಅವ್ವನ ಹತ್ತಿರ ಮಾತಿಗೆ ಉಳಿಯುವುದಾದರೂ ಏನು?

ಬೈದರೂ ಒಳಗೊಳಗೇ ನನಗೆ ಹೆಮ್ಮೆ. ನಾನು ಎಸ್ಸೆಸ್ಸೆಲ್ಸಿಗೆ ನಿಂತು ಹೊಲಿಗೆ ಮಿಷಿನ್ ಹಿಡಿದವಳು. ಅಂಗಡಿಗೆ ಬಂದ ಹೆಣ್ಣುಮಕ್ಕಳ ಅಳತೆ ತೆಗೆಯುತ್ತ, ನನ್ನ ತಮ್ಮ ಹಾಗೆ ಬರೆಯುತ್ತಾನೆ, ಹೀಗೆ ಬರೆಯುತ್ತಾನೆ ಎಂದು ಕೊರೆಯದ ದಿನ ಇರಲಿಲ್ಲ.

ಕೊನೆಯ ವರ್ಷದ ತರಬೇತಿಗೆ ಅಪ್ಪ ಅವನನ್ನು ಸಿಂಧನೂರಿನ ಒಂದು ರೈಸ್ ಮಿಲ್ಲಿಗೆ ಸೇರಿಸಿದ. ಮಿಲ್ಲಿನ ಮಾಲೀಕರು ಕರಿಬಸಪ್ಪ ಸಾಹುಕಾರರು ಅಪ್ಪನ ಹಳೆಯ ಗೆಳೆಯರು. ಅಲ್ಲಿ ಭತ್ತವನ್ನು ಮೇಲೆತ್ತುವ ಯಂತ್ರದ ಬೆಲ್ಟಿಗೆ ಯಮನೂರಮ್ಮ ಎಂಬ ಕೂಲಿ ಹೆಂಗಸಿನ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ಸರಕಾರಿ ಇಲಾಖೆಗೆ ವರದಿ ಕೊಡಬೇಕಿತ್ತು. ಸಾಹುಕಾರರು ನನ್ನ ತಮ್ಮನ ಹೆಗಲ ಮೇಲೆ ಕೈ ಹಾಕಿ, "ನೀ ಅದನ್ನ ಕಲ್ಯಾಕತ್ತೀಯಲ್ಲ, ನೀನ ಬರಿ" ಎಂದರಂತೆ.

ಬರೆದ. ಇಲಾಖೆಗೆ ಕಳಿಸುವ ಮೊದಲು ಅದೇ ವರದಿಯನ್ನು ತರಗತಿಯಲ್ಲೂ ತೋರಿಸಿದ. ಮೇಡಂ ಬಹಳ ಮೆಚ್ಚಿದರು. ಆದರೆ ವರದಿ ಯಾರ ಬಗ್ಗೆ ಇದೆಯೋ ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದು ಬರಬೇಕು, ಇಲ್ಲದಿದ್ದರೆ ಅಂಕ ಇಲ್ಲ ಎಂದರು. ಅಂದಿನಿಂದ ಇವನ ಮುಖ ಬಾಡಿತು. ಕೊನೆಗೆ, "ಯಮನೂರಮ್ಮನ ಊರು ಜವಳಗೇರಾಕ್ಕ ಹೋಗಿ ಬರೋಣು, ನೀನೂ ಬಾ ಅಕ್ಕ" ಎಂದು ಗಂಟುಬಿದ್ದ. ಒಬ್ಬ ಹೆಂಗಸಿಗೆ ಒಂದು ಕಾಗದ ಓದಲು ಅಕ್ಕ ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ದಾರಿಯಲ್ಲಿ ಸಿಂಧನೂರಿನ ಚಹಾದಂಗಡಿಯಲ್ಲಿ ಬೈಕ್ ನಿಲ್ಲಿಸಿದಾಗ ವರದಿಯನ್ನು ಇಸಿದುಕೊಂಡು ಓದಿದೆ. "ಕೆಲಸಗಾರ್ತಿ ಸಂಸ್ಥೆ ಕೊಟ್ಟ ಕೋಟನ್ನು ಧರಿಸಿರಲಿಲ್ಲ. ಅವರ ಸೆರಗು ಸಡಿಲವಾಗಿತ್ತು. ಸೆರಗು ಬೆಲ್ಟಿಗೆ ಸಿಕ್ಕಿತು. ಅದನ್ನು ಬಿಡಿಸಲು ಅವರು ಕೈ ಚಾಚಿದರು." ಚಿಕ್ಕ ಚಿಕ್ಕ ಸಾಲುಗಳು, ಒಂದಕ್ಕೊಂದು ಒತ್ತಾಗಿ ಹೊಲಿದ ಹಾಗೆ. ಓದುತ್ತ ಓದುತ್ತ ನನ್ನ ಅಂಗಡಿಯ ಮಿಷಿನ್ ನೆನಪಾಯಿತು.

"ಅಲ್ಲೋ, ಬೆಲ್ಟಿನ ಮ್ಯಾಲೆ ಮುಚ್ಚಳ ಇರ್ತದಲ್ಲ? ನನ್ನ ಹೊಲಿಗಿ ಮಿಷಿನ್ನಿಗೇ ಐತಿ."

ಅವನು ಲೋಟ ಕೆಳಗಿಟ್ಟ. "ಇದ್ದಿದ್ದಿಲ್ಲ. ಹಬ್ಬಕ್ಕಿಂತ ಮೊದ್ಲ ರಿಪೇರಿಗೆ ಬಿಚ್ಚಿದ್ರು, ತಿರುಗಿ ಹಾಕಲಿಲ್ಲ. ಮೂಲ್ಯಾಗ ಬಿದ್ದಿತ್ತು. ದಿನಾ ಅದರ ಮ್ಯಾಲೆ ನಾ ಊಟದ ಡಬ್ಬಿ ಇಡ್ತಿದ್ದೆ."

ನಾನು ಕಾಗದವನ್ನು ಮತ್ತೆ ತಿರುವಿ ನೋಡಿದೆ. "ಮತ್ತ ಇದರಾಗ ಎಲ್ಲೈತಿ ಅದು?"

"ಅದೊಂದು ಬಿಡು, ಉಳಿದದ್ದು ಕಂಡಂಗ ಬರಿ ಅಂದ್ರು ಸಾಹುಕಾರ್ರು. ಅಪ್ಪನ ಮಾರಿ ನೋಡಿ ನನ್ನ ತಗೊಂಡಾರ. ಅಕ್ಕಾ, ಬರದದ್ರಾಗ ಒಂದೂ ಸುಳ್ಳಿಲ್ಲ, ಬೇಕಾದ್ರ ನೋಡು."

ಮೈಯೆಲ್ಲ ಉರಿಯಿತು. ಈ ಕಾಗದ ಹೀಗೇ ಹೋದರೆ ತಪ್ಪೆಲ್ಲ ಆ ಹೆಂಗಸಿನದಾಗುತ್ತದೆ. ಪರಿಹಾರವೂ ಇಲ್ಲ, ನಾಳೆ ಆ ಕೈಗೆ ಯಾರೂ ಕೆಲಸವನ್ನೂ ಕೊಡುವುದಿಲ್ಲ. ಇದು ಇವನಿಗೆ ತಿಳಿಯದ್ದೇನಲ್ಲ. "ಥೂ ನಿನ್ನ" ಎಂದೆ, ಅಷ್ಟೇ. ನನಗೂ ಅಪ್ಪನ ಮುಖ ಕಣ್ಣ ಮುಂದೆ ಬಂತು. ಯಮನೂರಮ್ಮನೇ ಕೇಳಲಿ, ಮುಚ್ಚಳ ಎಲ್ಲಿತ್ತು ಎಂದು ಅವಳೇ ಇವನಿಗೆ ಛೀಮಾರಿ ಹಾಕಲಿ ಎಂದು ಲೆಕ್ಕ ಹಾಕಿಕೊಂಡು ಗಾಡಿ ಹತ್ತಿದೆ.

ಯಮನೂರಮ್ಮನಿಗೆ ನಮ್ಮವ್ವನ ವಯಸ್ಸು. ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ನಮ್ಮನ್ನು ಕಂಡವಳೇ ಏಳಲು ಹೋದಳು. ಸೊಸೆ ಚಾಪೆ ಹಾಸಿದಳು. ಗುರುಬಸವ ಕಾಗದ ಬಿಚ್ಚಿ ಓದಿದ. ಒಂದೊಂದು ಸಾಲಿಗೂ ಅವಳು "ಹೂಂನಪ್ಪ, ಹೂಂನಪ್ಪ" ಎನ್ನುತ್ತಿದ್ದಳು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ನಾನು ಅವಳ ಬಾಯನ್ನೇ ನೋಡುತ್ತ ಕುಳಿತಿದ್ದೆ.

ಓದು ಮುಗಿಯಿತು. ಅವಳು ಸೊಸೆಯ ಕಡೆ ತಿರುಗಿದಳು.

"ಕೇಳಿದ್ಯೇನವಾ? ನಂದ ತಪ್ಪು. ಕೋಟು ಕೊಟ್ಟಿದ್ರು, ಸೆಕಿ ಅಂತ ನಾನ ಹಾಕ್ಕೊಂಡಿಲ್ಲ. ನಾ ಮಿಷಿನ್ನಾಗ ಏನೋ ಕೊರತಿ ಐತಿ ಅಂತ ನಿನ್ನ ಮುಂದ ಸಾಹುಕಾರ್ನ ಬಾಯಿಗೆ ಬಂದಂಗ ಬೈದೆ. ಓದಿದೋರು ಕಣ್ಣಾರೆ ಕಂಡು ಬರದಾರಂದ್ರ ಸುಳ್ಳಾಕ್ಕೈತೇನು? ಎಂಥಾ ಹುಚ್ಚಿ ನಾನು!" ಎಂದು ಎಡಗೈಯಿಂದ ತನ್ನ ಗಲ್ಲ ಬಡಿದುಕೊಂಡಳು. ಆಮೇಲೆ ಮೆಲ್ಲಗೆ, "ಅಪ್ಪಾ, ನನ್ನ ಸಲುವಾಗಿ ಮಿಲ್ಲು ಅರ್ಧ ದಿನ ನಿಂತಿತ್ತು. ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ ಅಂತ ನನ್ನ ಹೆಸರ್ಲೆ ಅದರಾಗ ಒಂದು ಸಾಲು ಬರೀತೀ?" ಎಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಗುರುಬಸವ ಜೇಬಿಗೆ ಕೈ ಹಾಕಿದ. ಪೆನ್ನು ತೆಗೆದ. ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದ. ಬರೆದದ್ದನ್ನು ಓದುವಾಗ ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಸೊಸೆ ಹತ್ತಿರ ಬಂದು ಕೂತಳು.

"ಬೆಲ್ಟಿನ ಮೇಲೆ ಇರಬೇಕಾದ ಮುಚ್ಚಳವನ್ನು ಮೊದಲೇ ತೆಗೆದಿಡಲಾಗಿತ್ತು. ಅದನ್ನು ಮತ್ತೆ ಹಾಕಿರಲಿಲ್ಲ. ಮುಚ್ಚಳ ಇದ್ದಿದ್ದರೆ ಸೆರಗು ಸಿಗುತ್ತಿರಲಿಲ್ಲ."

ಯಮನೂರಮ್ಮ ಅವನ ಮುಖವನ್ನೇ ನೋಡಿದಳು.

"ಇದು ನಿನಗ ಮೊದಲ ಗೊತ್ತಿತ್ತೇನಪ್ಪ?"

"ಗೊತ್ತಿತ್ತಬೇ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಟ್ಟಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೇಳಿದಳು:

"ಇಷ್ಟೊತ್ತು ನನ್ನ ನಾ ಬೈಕೊಂಡೆ, ಗಲ್ಲ ಬಡ್ಕೊಂಡೆ. ಸುಮ್ನ ನೋಡಕೋತ ಕುಂತಿದ್ಯಲ್ಲಪ್ಪ."

ಅವಳು ಹಾಗೆ ಹೇಳಿದ್ದು ಗುರುಬಸವನಿಗೆ. ಗೊತ್ತಿದ್ದೂ ಪಕ್ಕದಲ್ಲೇ ಸುಮ್ಮನೆ ಕುಳಿತವಳು ನಾನು ಎಂಬುದು ಅವಳಿಗೆ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ.