ಉಗುಳು ಹಚ್ಚಿ ಒರೆಸಿದ ಹೆಸರು

ಕೊರೊನಾ ಹಾವಳಿ ಮುಗಿದ ಮರುವರ್ಷದ ಮುಂಗಾರು. ಆಗ ನಾನು ಮಸ್ಕಿ ಕಡೆಯ ಹೆಣ್ಣಾಳುಗಳ ಒಂದು ನಾಟಿ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದೆ. ಮೇಸ್ತ್ರಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಯಾವ ದಿನ ಯಾರ ಗದ್ದೆಗೆ ಬರುತ್ತೇವೆಂದು ಒಪ್ಪಿಕೊಳ್ಳುವುದು, ಬೆಳಗಾಗುವ ಮುಂಚೆ ಹೆಂಗಸರನ್ನು ಎಬ್ಬಿಸಿ ಟಂಟಂ ಗಾಡಿಗೆ ಹತ್ತಿಸುವುದು, ಆಮೇಲೆ ಎಲ್ಲರ ಜೊತೆ ತಾನೂ ಬಗ್ಗಿ ಭತ್ತದ ಸಸಿ ಹಚ್ಚುವುದು. ನಮ್ಮೂರು ಒಣಭೂಮಿ. ಕೆಲಸವೆಲ್ಲ ಬಳಗಾನೂರು, ಸಿಂಧನೂರು ಕಡೆಯ ಕಾಲುವೆ ಗದ್ದೆಗಳಲ್ಲಿ.

ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ ತನಕ. ಓದುತ್ತೇನೆ, ಬರೆಯುವ ಕೈ ನಿಧಾನ. ನಾಟಿ ದಿನಗಳಲ್ಲಿ ಫೋನ್ ಇಟ್ಟುಕೊಂಡರೆ ಕೆಸರಿಗೆ ಬೀಳುತ್ತದೆ, ಚೀಟಿ ಇಟ್ಟುಕೊಂಡರೆ ಬೆವರಿಗೇ ಮುದ್ದೆಯಾಗುತ್ತದೆ. ಅದಕ್ಕೆ ನನ್ನ ಎಡ ತೋಳೇ ಚೀಟಿ. ಅಂಗೈ ಮೇಲೆ ಬರೆದರೆ ಒಂದು ಮಡಿ ನಾಟಿ ಮುಗಿಯುವುದರೊಳಗೆ ಹೋಗಿಬಿಡುತ್ತದೆ. ಆದ್ದರಿಂದ ಮೊಣಕೈ ಮೇಲಿನ ಒಳಮಗ್ಗುಲಲ್ಲಿ ಬರೆಸಿಕೊಳ್ಳುತ್ತಿದ್ದೆ. ಸೀರೆಯ ಮೇಲೆ ನಾವು ಗಂಡಸರ ತುಂಬುತೋಳಿನ ಅಂಗಿ ತೊಡುತ್ತೇವಲ್ಲ, ಅದು ಮುಚ್ಚಿ ಕಾಯುತ್ತಿತ್ತು. ಗದ್ದೆಯವರೇ ಪೆನ್ನು ತಂದು ತಮ್ಮ ಹೆಸರು, ವಾರ ಬರೆಯುತ್ತಿದ್ದರು. ಅವರ ನಾಟಿ ಮುಗಿದ ಮೇಲೆ ನಾನೇ ಸೋಪು ಹಚ್ಚಿ ತೊಳೆಯುತ್ತಿದ್ದೆ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಇದು, ಆದರೂ ನಡೆದು ಬಂದಿತ್ತು.

ಆ ವರ್ಷ ಒಂದು ಗುರುವಾರದ ಪಾಳಿ ದುರುಗಮ್ಮನದು. ಉಪಕಾಲುವೆಯ ಕಟ್ಟಕಡೆಯಲ್ಲಿ, ನಾವು ಕೆಳಭಾಗ ಎನ್ನುವಲ್ಲಿ, ಅವಳ ಎರಡೆಕರೆ ಗದ್ದೆ. ಮೇಲಿನವರು ಕುಡಿದು ಉಳಿದ ನೀರು ಕೆಳಭಾಗಕ್ಕೆ ಬರುವುದು ಸರದಿಯ ಎರಡು ಮೂರು ದಿನ ಮಾತ್ರ. ಅಷ್ಟರೊಳಗೆ ನಾಟಿಯಾಗದಿದ್ದರೆ ರೊಳ್ಳಿ ಹೊಡೆದು ಹದ ಮಾಡಿದ ಕೆಸರು ಬಿರುಸಾಗಿ ಬೆರಳು ಇಳಿಯುವುದಿಲ್ಲ. ಅವಳ ಸಸಿಗೂ ವಯಸ್ಸು ಮೀರುತ್ತಿತ್ತು. ಗಣ್ಣು ಬಂದ ಸಸಿ ಹಚ್ಚಿದರೆ ತೆಂಡೆ ಒಡೆಯುವುದಿಲ್ಲ, ಬುಡಕ್ಕೆ ಒಂದೇ ಕಡ್ಡಿ ನಿಲ್ಲುತ್ತದೆ. ಆ ಗುರುವಾರ ತಪ್ಪಿದರೆ ಆ ಬೆಳೆಯೇ ಇಲ್ಲ. ಅವಳಿಗೂ ಬರೆಯಲು ಬರುವುದಿಲ್ಲ. ಚಹಾದಂಗಡಿಯವನ ಕೈಲಿ ನನ್ನ ತೋಳ ಮೇಲೆ ಹೆಸರು ಬರೆಸಿ, ಅದನ್ನು ಎರಡು ಸಲ ಓದಿಸಿಕೊಂಡು ಹೋಗಿದ್ದಳು.

ಬುಧವಾರ ಮಧ್ಯಾಹ್ನ ಇನ್ನೊಬ್ಬರ ಗದ್ದೆಯ ಒಡ್ಡಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಕಾಲುವೆಯ ಮೇಲ್ಭಾಗದ ದೊಡ್ಡ ಸಾಹುಕಾರ ಜೀಪಿನಲ್ಲಿ ಬಂದ. ಅವನ ಹೆಸರು ಇಲ್ಲಿ ಬೇಡ. ಸಿಂಧನೂರಿನಿಂದ ತರಿಸಿದ್ದ ನಾಟಿ ಯಂತ್ರ ಕೆಟ್ಟು ಕೂತಿದೆ, ನಾಳೆಯಿಂದ ನೀವು ಬರಬೇಕು ಎಂದ. ನಾಳೆ ದುರುಗಮ್ಮನದು, ನಾಡಿದ್ದು ಬರುತ್ತೇವೆ ಎಂದೆ. ಎಲ್ಲಿ ತೋರಿಸು ಎಂದ. ನೋಡಿ ಸುಮ್ಮನೆ ಹೋಗಲಿ ಎಂದು ಅಂಗಿಯ ತೋಳು ಮಡಚಿದೆ.

ಓದಿದ. ನಕ್ಕ. ನನ್ನ ಮಣಿಕಟ್ಟು ಹಿಡಿದು, ಹೆಬ್ಬೆಟ್ಟಿಗೆ ಉಗುಳು ಹಚ್ಚಿಕೊಂಡು ದುರುಗಮ್ಮನ ಹೆಸರನ್ನು ಒರೆಸಿಬಿಟ್ಟ. ಜೇಬಿನ ಪೆನ್ನು ತೆಗೆದು ಅದೇ ಜಾಗದಲ್ಲಿ ತನ್ನ ಹೆಸರು ಬರೆದ.

“ಈಗ ಓದಬೇ ಮುದುಕಿ, ನಾಳೆ ಯಾರ ಪಾಳಿ?”

ನನ್ನ ಬಲಗೈಯಲ್ಲಿ ರೊಟ್ಟಿ ಪಲ್ಯ ಇತ್ತು. ಅದು ಅವನ ಪುಣ್ಯ.

“ಇದು ನನ್ನ ತೋಳು ಐತಿ ಸಾಹುಕಾರ. ನಿನ್ನ ಮನಿ ಗ್ವಾಡಿ ಅಲ್ಲ, ಬೇಕಾದಂಗ ಸುಣ್ಣ ಬಳದು ಬೇಕಾದ್ದು ಬರಿಯಾಕ.”

ನೀನು ತಾನು ಎಂದು ಅವನಿಗೆ ಅದಕ್ಕೂ ಮುಂಚೆ ಯಾವ ಆಳೂ ಅಂದಿರಲಿಕ್ಕಿಲ್ಲ. ಎರಡೆಕರೆಯವಳಿಗಾಗಿ ತನ್ನ ಇಷ್ಟು ದೊಡ್ಡ ಹೊಲ ನಿಲ್ಲಿಸಿದರೆ ಮತ್ತೆಂದೂ ನನ್ನ ಗ್ಯಾಂಗನ್ನು ಹೊಲಕ್ಕೆ ಕಾಲಿಡಗೊಡುವುದಿಲ್ಲ ಎಂದು ಹೇಳಿ ಜೀಪು ಹತ್ತಿದ. ಹೆಂಗಸರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಮನೆಗೆ ಹೋಗಿ ಒಲೆಯ ಬೂದಿ ಹಚ್ಚಿ ತಿಕ್ಕಿದೆ. ಅವನ ಹೆಸರಿನ ಜೊತೆ ಚರ್ಮವೂ ಕಿತ್ತುಬಂತು. ಗ್ಯಾಂಗಿನಲ್ಲೇ ಇದ್ದ ಸೊಸೆ ಹುಲಿಗೆಮ್ಮ ಹತ್ತಿರ ಬಂದು ನಿಂತಳು. ಅವಳಿಗೆ ಸಿಟ್ಟು ಬಂದದ್ದು ನನ್ನ ಮೇಲೆ.

“ಅತ್ತಿ, ಅಕಿದು ಒಂದು ದಿನದ ಕೆಲಸ. ಅವಂದು ವಾರಗಟ್ಲೆ. ಒಂದು ಹೆಸರಿಗೆ ಎಲ್ಲಾರ ಹೊಟ್ಟಿ ಮ್ಯಾಲೆ ಕಲ್ಲು ಹಾಕ್ತೀಯೇನು?”

ಅವಳ ಮಾತು ಸುಳ್ಳಲ್ಲ. ನಾನು ದುರುಗಮ್ಮನಿಗೆ ಆಡಿದ ಮಾತೂ ಸುಳ್ಳಲ್ಲ. ಬೇಕಾದವರು ಅವನಲ್ಲಿಗೆ ಹೋಗಲಿ, ನಾನು ಕೆಳಭಾಗಕ್ಕೆ ಹೋಗುತ್ತೇನೆ ಎಂದು ಅವಳಿಗೆ ಹೇಳಿ ಮಲಗಿದೆ.

ಮರುದಿನ ನಮ್ಮ ಓಣಿಗೆ ಸಾಹುಕಾರನ ಟ್ರ್ಯಾಕ್ಟರ್ ಬಂದು ನಿಂತಿತ್ತು. ಅರ್ಧ ಗ್ಯಾಂಗು ನನ್ನ ಮುಖ ನೋಡದೆ ಅದನ್ನು ಹತ್ತಿತು. ಮೊದಲು ಹತ್ತಿದವಳು ಹುಲಿಗೆಮ್ಮ. ಉಳಿದವರನ್ನು ಟಂಟಂನಲ್ಲಿ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವರಿಗೂ ಅನುಮಾನ. ದುರುಗಮ್ಮನಿಗೆ ಈ ಸುದ್ದಿ ಮುಟ್ಟಿರುತ್ತದೆ, ಬೇರೆ ಆಳು ಹುಡುಕಿಕೊಂಡಿರುತ್ತಾಳೆ ಎಂದು ಮಾತಾಡಿಕೊಂಡರು.

ಗದ್ದೆ ಮುಟ್ಟಿದರೆ ಅವಳು ಅಷ್ಟೂ ಸಸಿ ಕಿತ್ತು, ಕಟ್ಟು ಕಟ್ಟಿ, ಮಡಿಗಳಲ್ಲಿ ಎಸೆದು ಕೂತಿದ್ದಳು. ಕಿತ್ತ ಸಸಿ ಹೆಚ್ಚು ಹೊತ್ತು ತಾಳುವುದಿಲ್ಲ, ಕಟ್ಟಿನೊಳಗೇ ಬಿಸಿಯಾಗಿ ಕೊಳೆಯುತ್ತದೆ. ನಾವು ಬರದಿದ್ದರೆ ಮತ್ತೆ ನೆಲಕ್ಕೆ ಊರಲಾಗದಂತೆ ಎಲ್ಲವನ್ನೂ ಕಿತ್ತುಬಿಟ್ಟಿದ್ದಳು. ಸಾಹುಕಾರ ಹೆಸರು ಒರೆಸಿದ ಸುದ್ದಿ ಹಿಂದಿನ ಸಂಜೆಯೇ ಅವಳ ಕಿವಿಗೆ ಬಿದ್ದಿತ್ತಂತೆ.

“ಕೇಳಿಯೂ ಸಸಿ ಕಿತ್ತೀಯೇನ್ ನೀ? ಹುಚ್ಚಿ ಅದಿಯೇನು?” ಎಂದೆ.

“ಒರಿಸಿದ್ದು ಅವನಲ್ಲೇನು? ನೀ ಒಲ್ಲೆ ಅಂದಿದ್ದಿಲ್ಲಲ್ಲ” ಎಂದಳು.

ನಾನು ಸೀರೆ ಕಚ್ಚೆ ಹಾಕಿ ಇಳಿದೆ. ಅರ್ಧ ಗ್ಯಾಂಗಿನಿಂದ ಪೂರ್ತಿ ಗದ್ದೆ ಆಗಲಿಲ್ಲ. ಕತ್ತಲಾದಾಗ ಕೊನೆಯ ಮಡಿ ಉಳಿಯಿತು. ಮರುದಿನವೂ ಹೋಗಿ, ನೀರು ಇಳಿಯುವ ಮುಂಚೆ ಅದನ್ನೂ ಮುಗಿಸಿದೆವು. ದುರುಗಮ್ಮನ ಭತ್ತ ಎಲ್ಲರಂತೆ ಬೆಳೆಯಿತು.

ಸಾಹುಕಾರ ತನ್ನ ಮಾತಿನಂತೆ ನಡೆದ. ನಮ್ಮನ್ನು ಮತ್ತೆ ಕರೆಯಲಿಲ್ಲ, ತನ್ನ ಬೀಗರ ಹೊಲಗಳಿಗೂ ಕರೆಯಗೊಡಲಿಲ್ಲ. ಆ ಹಂಗಾಮು ನಾವು ಹತ್ತಿ ಕಳೆ ತೆಗೆದು ಕಳೆದೆವು. ಹುಲಿಗೆಮ್ಮ ಬೇರೆ ಗ್ಯಾಂಗು ಕಟ್ಟಿದಳು. ಈಗಲೂ ಒಂದೇ ಮನೆಯಲ್ಲಿದ್ದೇವೆ, ಆ ದಿನದ ಮಾತು ಮಾತ್ರ ಎತ್ತುವುದಿಲ್ಲ.

ನನಗೆ ಸಿಟ್ಟು ಬರುವುದು ಅವನೊಬ್ಬನ ಮೇಲಲ್ಲ. ಆಮೇಲೆ ಬುದ್ಧಿ ಹೇಳಲು ಬಂದವರ ಮೇಲೂ. ಲಿಂಗಸುಗೂರಿನ ಅಳಿಯ, ಓದಿದವನು, ಕೈಮೇಲೆ ಬರೆಸಿಕೊಂಡದ್ದೇ ತಪ್ಪು, ಫೋನಿನಲ್ಲಿ ಇಟ್ಟುಕೊಳ್ಳಬೇಕಿತ್ತು ಎಂದ. ಚೀಟಿ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದರು ಕೆಲವರು. ಚೀಟಿ ಇದ್ದಿದ್ದರೆ ಹರಿಯುತ್ತಿದ್ದ, ಅಷ್ಟೇ. ಮುದುಕಿಯ ತೋಳು ಹಿಡಿದು ಉಗುಳು ಹಚ್ಚಿದವನ ತಪ್ಪು ಒಬ್ಬರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ಕಂಡದ್ದು ನನ್ನ ತೋಳಿನ ತಪ್ಪು. ಇಷ್ಟು ವರ್ಷದ ಮೇಸ್ತ್ರಿಕೆಯಲ್ಲಿ ನಾನು ತಿಳಿದದ್ದು, ಶಾಯಿ ಇರುವುದು ನನ್ನ ಮರೆವಿಗೆ. ಮಾತು ಇರುವುದು ಕೇಳಿಸಿಕೊಂಡವಳ ಹತ್ತಿರ. ಅದನ್ನು ಒರೆಸುವ ಹೆಬ್ಬೆಟ್ಟು ಯಾವ ಸಾಹುಕಾರನಿಗೂ ಇಲ್ಲ.

ಮೊನ್ನೆ ಮಸ್ಕಿ ಸಂತೆಯಲ್ಲಿ ಒಬ್ಬಳು, ದುರುಗಮ್ಮನಿಗೆ ಆ ವರ್ಷ ದೊಡ್ಡ ಉಪಕಾರ ಮಾಡಿದಿ ಎಂದಳು. ಅವಳಿಗೆ ಬೈದು ಬಂದೆ. ಏನು ಉಪಕಾರ? ಗುರುವಾರ ಅವಳ ಪಾಳಿ ಇತ್ತು, ಹೋದೆವು.