ಎರಡನೇ ಅರ್ಧವನ್ನು ಮೊದಲು ಓಡಿಸಿದ ಶಂಕ್ರಪ್ಪನವರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿಗೆ ಸಿನಿಮಾ ತೋರಿಸಿದ ಆಪರೇಟರ್ ಶಂಕ್ರಪ್ಪನವರಿಗೆ ಆ ಕೆಲಸ ಕಲಿಸಿದವಳು ನಾನೇ. ಇದರಲ್ಲಿ ಅರ್ಧ ಸುಳ್ಳು. ಯಂತ್ರ ತಿರುಗಿಸುವುದನ್ನು ಅವರು ಹುಬ್ಬಳ್ಳಿಯಲ್ಲಿ ಕಲಿತು ಬಂದಿದ್ದರು. ಮಧ್ಯಂತರ ಎಂದರೆ ಏನೆಂದು ಕಲಿತದ್ದು ಮಾತ್ರ ನನ್ನ ಮಿರ್ಚಿ ಬಜ್ಜಿಯ ಒಲೆಯ ಮುಂದೆ. ಎದುರಿಗೆ ನಾನು ಬರೀ ಶಂಕ್ರಪ್ಪ ಎನ್ನುವವಳು. ಅಭಿನಂದನೆಯ ಪುಸ್ತಕ ಎಂದಮೇಲೆ ‘ನವರು’ ಹಚ್ಚದಿದ್ದರೆ ನಡೆಯುವುದಿಲ್ಲವಂತೆ, ಹಚ್ಚಿದ್ದೇನೆ.

ತೊಂಬತ್ತೆರಡರಲ್ಲಿ ಸಿದ್ದಾಪುರದ ಟೆಂಟಿನಲ್ಲಿ ಶುರುಮಾಡಿ, ಶಿರಸಿಯಲ್ಲಿ ಕೆಲವು ವರ್ಷ ದುಡಿದು, ಅವರು ಯಲ್ಲಾಪುರದ ನಮ್ಮ ಟಾಕೀಸಿಗೆ ಬಂದದ್ದು ನನ್ನ ಯಜಮಾನರು ತೀರಿಕೊಂಡ ವರ್ಷ. ಟಾಕೀಸಿನ ಗೋಡೆಗೆ ಆನಿಸಿ ಒಲೆ ಹೂಡಲು ಮಾಲೀಕರ ಹತ್ತಿರ ನನಗೆ ಜಾಗ ಕೇಳಿ ಕೊಡಿಸಿದವರು ಅವರೇ. ಮಧ್ಯಂತರ ಹತ್ತಿರ ಬಂದ ಕೂಡಲೇ ಮೇಲಿನ ಕ್ಯಾಬಿನ್ನಿನಿಂದ ತಗಡು ಬಡಿಯುತ್ತಿದ್ದರು. ನಾನು ಹಿಟ್ಟು ಕಲಸಿ ಎಣ್ಣೆ ಕಾಯಿಸಿಟ್ಟಿರಬೇಕು, ಬಾಗಿಲು ತೆರೆದಾಗ ಬಜ್ಜಿ ಬಿಸಿಯಾಗಿರಬೇಕು. ಪರದೆಯ ಮೇಲೆ ನಾಯಕಿ ಸಾಯುತ್ತಿದ್ದರೂ ಅವರು ತಗಡು ಬಡಿಯುವುದನ್ನು ಮರೆತವರಲ್ಲ. ಇಂಥ ಮನುಷ್ಯನ ಬಗ್ಗೆ ಈ ಪುಸ್ತಕದಲ್ಲಿ ಎಲ್ಲರೂ ಒಳ್ಳೆಯದನ್ನೇ ಬರೆದು, ಕೊನೆಗೆ ನಗುತ್ತಾ ‘ಉಲ್ಟಾ ಶಂಕ್ರಪ್ಪ’ ಎಂಬ ಅಡ್ಡಹೆಸರನ್ನೂ ಸೇರಿಸುತ್ತಾರೆಂದು ನನಗೆ ಗೊತ್ತು. ಆ ಹೆಸರಿನ ಹಿಂದಿರುವುದನ್ನು ಹೇಳಲಿಕ್ಕೇ ನಾನು ಕೂತಿರುವುದು.

ಎರಡು ಸಾವಿರದ ನಾಲ್ಕರಲ್ಲಿ ಬಂದ ಆ ಸೇಡಿನ ಸಿನಿಮಾವನ್ನು ನಮ್ಮ ಜನ ರುಮಾಲಿನ ಸಿನಿಮಾ ಎಂದೇ ಕರೆದರು. ಅಬ್ಬಬ್ಬಾ, ಏನು ಸಿನಿಮಾ! ಎರಡು ವಾರ ಯಲ್ಲಾಪುರದ ಕಾಗೆಗಳೂ ಟಾಕೀಸಿನ ಕಡೆಗೇ ಹಾರಿದವು. ತಂಗಿಯ ಮದುವೆ ಮುರಿದವನ ಮೇಲೆ ಅಣ್ಣ ಸೇಡು ತೀರಿಸುವ ಕಥೆ. ಮೊದಲ ಅರ್ಧದಲ್ಲಿ ಅವನು ಕೆಂಪು ರುಮಾಲು ಸುತ್ತಿ, ತುಟಿ ಬಿಚ್ಚದೆ, ಹತ್ತಿಯ ಗಿರಣಿಯಲ್ಲಿ ಹೊಡೆದಾಡುತ್ತಾನೆ. ಬಿಳಿ ಹತ್ತಿ ಹಿಮದ ಹಾಗೆ ಹಾರುತ್ತದೆ, ಅದರ ಮೇಲೆ ಕೆಂಪು ಹನಿ ಬೀಳುತ್ತದೆ. ಒಂದು ಒದೆತಕ್ಕೆ ಖಳರು ಮಾಗೋಡು ಜಲಪಾತದವರೆಗೂ ಹೋಗಿ ಬೀಳುತ್ತಾರೆ! ಬಾಗಿಲಲ್ಲಿ ನಿಂತ ತಂಗಿಗೆ ಮಾತ್ರ ಒಂದು ಮಾತೂ ಇಲ್ಲ. ಎರಡನೇ ಅರ್ಧದಲ್ಲಿ ಹೊಡೆದಾಟ ಒಂದೇ, ಅದೂ ಮುದುಕರ ಹೊಡೆದಾಟದಂತೆ ನಿಧಾನ. ಅದನ್ನು ಗೆದ್ದು ಮನೆಗೆ ಬಂದವನ ರುಮಾಲನ್ನು ತಂಗಿ ಬಿಚ್ಚಿ ಕೆಳಗಿಟ್ಟು ಕೇಳುತ್ತಾಳೆ: “ಅಣ್ಣಾ, ನಿನ್ನನ್ನು ಕಳಿಸಿದ್ದು ಯಾರು? ನನ್ನನ್ನು ಒಂದು ಮಾತು ಕೇಳಿದೆಯಾ?”

ಮೊದಲ ಅರ್ಧ ನೋಡಿ ಹೊರಬಂದವರು ಬಜ್ಜಿಯನ್ನು ಶತ್ರುವಿನ ಹಾಗೆ ಹರಿದು ತಿನ್ನುತ್ತಿದ್ದರು. ಎರಡನೆಯದನ್ನು ನೋಡಿ ಬಂದವರು ಶೇಂಗಾ ಕೂಡ ಕೊಳ್ಳದೆ ಮನೆಗೆ ನಡೆಯುತ್ತಿದ್ದರು. ವ್ಯಾಪಾರಕ್ಕೆ ಮೊದಲನೆಯದೇ ಮೇಲು. ಆದರೆ ನನ್ನ ನಿದ್ದೆ ಕೆಡಿಸಿದ್ದು ಎರಡನೆಯದು.

ದಿನಾ ಬರುತ್ತಿದ್ದ ನಮ್ಮೂರ ಮಂಜ ಈ ಎರಡನೇ ಅರ್ಧವನ್ನು ಒಮ್ಮೆಯೂ ನೋಡಿರಲಿಲ್ಲ. ಅವನ ತಂಗಿ ಜ್ಯೋತಿಯ ಮದುವೆ ನಿಶ್ಚಯವಾಗಿ, ಚಪ್ಪರ ಹಾಕುವ ಹೊತ್ತಿಗೆ, ಹುಚ್ಚ ಎಂಬ ಹೆಸರಿನ ಆ ಗಂಡು ‘ನನಗೆ ಬೇಡ’ ಎಂದು ಹೇಳಿ ಹುಬ್ಬಳ್ಳಿಗೆ ಓಡಿಹೋಗಿದ್ದ. ಮಂಜ ಸಂಜೆ ಗೋಣಿತಾಟಿನಲ್ಲಿ ಸುತ್ತಿದ ಕತ್ತಿಯನ್ನು ನನ್ನ ಬೆಂಚಿನ ಕೆಳಗೆ ತುರುಕಿ ಒಳಗೆ ಹೋಗುತ್ತಿದ್ದ, ಹುಚ್ಚ ಇಳಿದಾನೆಂದು ಮಧ್ಯಂತರಕ್ಕೆ ಅದನ್ನು ಎತ್ತಿಕೊಂಡು ಹುಬ್ಬಳ್ಳಿಯಿಂದ ಬರುವ ಬಸ್ಸು ಕಾಯಲು ಓಡುತ್ತಿದ್ದ.

“ಪೂರಾ ನೋಡಪ್ಪ ತಮ್ಮಾ, ಮುಂದ ಭಾಳ ಚೊಲೋ ಐತಿ,” ಎಂದೆ.

“ನನಗ ಅರ್ಧಾನ ಸಾಕು, ಗೌರಕ್ಕ. ಮುಂದಿಂದು ನಾನ ಮಾಡ್ತೇನಿ.”

ಆ ಶನಿವಾರ ಹುಚ್ಚ ಅದೇ ಬಸ್ಸಿಗೆ ಊರಿಗೆ ಬರುತ್ತಾನೆಂದು ಸುದ್ದಿ ಬಂತು. ಮಂಜನ ಕಣ್ಣು ನೋಡಿದ ನಾನು ಬಾಣಲೆ ಇಳಿಸಿ, ನನ್ನ ಮಂಡಿ ನೋವನ್ನೂ ಮರೆತು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದೆ.

“ಶಂಕ್ರಪ್ಪ, ಇವತ್ತ ಹೆಣ ಬೀಳತೈತಿ ನೋಡು! ಪೊಲೀಸ್ರಿಗೆ ಹೇಳೋಣೇನು?”

“ಹೇಳಿದ್ರ ಇವತ್ತ ತಪ್ಪತೈತಿ. ನಾಳೆ?” ಎಂದು ಅವರು ರೀಲಿನ ಡಬ್ಬಿಗಳನ್ನೇ ನೋಡುತ್ತಾ ನಿಂತರು. ಆಮೇಲೆ, “ಗೌರಕ್ಕ, ಇವತ್ತ ನಿನ್ನ ಬಜ್ಜಿ ಖರ್ಚಾಗೂದಿಲ್ಲ. ಹಿಟ್ಟು ಕಮ್ಮಿ ಕಲಸು,” ಎಂದರು.

ದೀಪ ಆರಿತು. ಪರದೆಯ ಮೇಲೆ ಬಂದದ್ದು ಎರಡನೇ ಅರ್ಧ!

ಏನು ಸೀಟಿ, ಏನು ಬೈಗುಳ! ಸೂರು ಹಾರಿ ಚಂದಗುಳಿಗೆ ಹೋಗಬೇಕಿತ್ತು. ಮಾಲೀಕರು ಕ್ಯಾಬಿನ್ನಿನ ಬಾಗಿಲು ಬಡಿದರು: “ಏ ಶಂಕ್ರಪ್ಪ, ತಲಿ ಕೆಟ್ಟತೇನೋ? ನಾಳಿಂದ ಬರಬ್ಯಾಡ!”

“ಡಬ್ಬಿ ಅದಲುಬದಲಾತ್ರಿ ಸಾಹೇಬ್ರ. ಈಗ ನಿಲ್ಲಿಸಿದ್ರ ಜನ ಕುರ್ಚಿ ಮುರೀತಾರ್ರಿ,” ಎಂದು ಒಳಗಿನಿಂದಲೇ ಹೇಳಿದರೇ ಹೊರತು ಚಿಲಕ ತೆಗೆಯಲಿಲ್ಲ. ಅಲ್ಲಿಯತನಕ ಒಂದು ರೀಲನ್ನೂ ತಪ್ಪಿಸದವರು ತಮ್ಮ ಹೆಸರನ್ನೂ ಕೆಲಸವನ್ನೂ ಒಟ್ಟಿಗೇ ಒಲೆಗೆ ಹಾಕಿದ್ದರು.

ತಂಗಿಯ ಪ್ರಶ್ನೆ ಬಂದಾಗ ಗದ್ದಲ ತಾನಾಗಿ ನಿಂತಿತು. ಮಧ್ಯಂತರದ ದೀಪ ಹತ್ತಿ ಬಾಗಿಲು ತೆರೆಯಿತು. ಎಲ್ಲರಿಗಿಂತ ಮೊದಲು ಹೊರಬಂದ ಮಂಜ ನನ್ನ ಬೆಂಚಿನ ಮುಂದೆ ನಿಂತ. ಹುಬ್ಬಳ್ಳಿ ಬಸ್ಸು ಹಾರ್ನ್ ಹಾಕುತ್ತಾ ಸ್ಟ್ಯಾಂಡಿಗೆ ತಿರುಗಿತು.

“ಗೌರಕ್ಕ, ಜ್ಯೋತಿನ್ನ ಯಾರರ ಕೇಳಿದ್ರೇನು?” ಎಂದ.

“ನಾನರ ಎಲ್ಲಿ ಕೇಳೇನಿ? ಅಣ್ಣ ನೀನು, ನೀನ ಕೇಳು.”

ಅವನು ಬರಿಗೈಯಲ್ಲಿ ಮನೆಯ ಕಡೆಗೆ ನಡೆದ. ಕತ್ತಿ ಬೆಂಚಿನ ಕೆಳಗೇ ಉಳಿಯಿತು.

ಮಾಲೀಕರು ನಾಲ್ಕು ದಿನ ಹಾರಾಡಿ ಆಮೇಲೆ ತಣ್ಣಗಾದರು. ಅಡ್ಡಹೆಸರು ಮಾತ್ರ ಉಳಿಯಿತು. ಸಂತೆಯಲ್ಲಿ ಹುಡುಗರು ‘ಉಲ್ಟಾ’ ಎಂದು ಕೂಗಿದರೂ ಶಂಕ್ರಪ್ಪನವರು ನಿಜ ಹೇಳಲಿಲ್ಲ. ಹೇಳಿದರೆ ಮಂಜನ ಮಾನ ಹೋಗುತ್ತಿತ್ತು. ಈಗ ಮಂಜನೇ ಬಂದು, “ಬರೆಸಕ್ಕ, ನನ್ನ ಹೆಸರು ಹಾಕೇ ಬರೆಸು,” ಎಂದು ಹೇಳಿದ್ದರಿಂದ ಬರೆಸಿದ್ದೇನೆ.

ಶಂಕ್ರಪ್ಪನವರೇ, ನಿಮಗೆ ನೂರು ವರ್ಷ ಆಯುಷ್ಯ ಸಾಲದು, ಇನ್ನೂರು ಇರಲಿ. ಕಣ್ಣು ಗಟ್ಟಿಯಾಗಿರಲಿ, ಕೈ ಸುಮ್ಮನಿರದಿರಲಿ. ಮನೆಯಲ್ಲಿ ಕೂತು ಸೊಸೆಯ ಟೀವಿಯನ್ನಾದರೂ ರಿಪೇರಿ ಮಾಡಿ ಕೆಡಿಸುತ್ತಿರಿ.

ಆ ರಾತ್ರಿ ಅಣ್ಣ ಕೇಳಿದ್ದಕ್ಕೆ ಜ್ಯೋತಿ ಏನೆಂದಳು? ನಾನು ಹೇಳುವುದಿಲ್ಲ. ಮರುದಿನ ಮಂಜ ಹುಚ್ಚನ ಹೆಗಲ ಮೇಲೆ ಕೈ ಹಾಕಿ ಕರೆತಂದು, “ಬ್ಯಾರೆಯವ್ರ ಮಾತು ನಿನ್ನ ತಲಿಮ್ಯಾಲ ಹಾಕ್ಕೊಂಡು ಅಷ್ಟು ಮಂದಿ ಬೈಗುಳಾನೂ ಒಬ್ಬನ ತಿಂದೀಯಲ್ಲೋ, ಈಗ ಬಜ್ಜಿ ತಿನ್ನು,” ಎಂದ. ಜ್ಯೋತಿ ಸಿದ್ದಾಪುರಕ್ಕೆ ಹೋಗಿ ತನಗೆ ಬೇಕಾದ ಹೊಲಿಗೆ ಕಲಿತು ಈಗ ಇಪ್ಪತ್ತು ಹುಡುಗಿಯರಿಗೆ ಕಲಿಸುತ್ತಿದ್ದಾಳೆ. ಹಾಗಾದರೆ ಆ ಮದುವೆ ಬೇಡವೆಂದದ್ದು ಯಾರು? ಇಷ್ಟು ಓದಿದ್ದೀರಿ, ನೀವೇ ಹೇಳಿ ನೋಡೋಣ.